ಹನ್ನೆರಡನೇ ಸ್ಕ್ವಾಡ್ರನ್‌ನ ಡಕೋಟಾಗಳು: ಶ್ರೀನಗರ, ಪೂಂಛ್, ಲೇಹ್ – ಯಾವುದು ದೊಡ್ಡದು?

ಹಳೇವಿಮಾನ:
ವಾಯುಪಡೆ ಅಂದ ಕೂಡಲೇ ಇಲ್ಲಿ ಮಿಗ್, ಮಿರಾಜ್, ತೇಜಸ್ ಬಗ್ಗೆ ಪುಟಗಟ್ಟಲೆ ಚರ್ಚೆ ನಡೆಯುತ್ತದೆ. ಸಾಮಾನು ಹೊರುವ ವಿಮಾನಗಳ ಬಗ್ಗೆ ಯಾರೂ ಬಾಯಿ ಬಿಡೋದಿಲ್ಲ. ಅದಕ್ಕೇ ಈ ಎಳೆ ಶುರು ಮಾಡಿದ್ದೇನೆ. ವಿಷಯ ನಮ್ಮ 12ನೇ ಸ್ಕ್ವಾಡ್ರನ್, ಅಡ್ಡಹೆಸರು 'ಯಾಕ್ಸ್'.

ಇದು ಹುಟ್ಟಿದ್ದು 1945ರ ಡಿಸೆಂಬರ್ 1ರಂದು, ಈಗ ಪಾಕಿಸ್ತಾನದಲ್ಲಿರುವ ಕೋಹಾಟ್‌ನಲ್ಲಿ. ಆಗ ಕೊಟ್ಟಿದ್ದು ಸ್ಪಿಟ್‌ಫೈರ್ ಯುದ್ಧವಿಮಾನ. ಮರುವರ್ಷ ಡಕೋಟಾ ಅನ್ನೋ ಸಾಗಣೆ ವಿಮಾನ ಬಂತು, ಸ್ಕ್ವಾಡ್ರನ್‌ನ ಕೆಲಸವೇ ಬದಲಾಯಿತು. ದೇಶ ಇಬ್ಭಾಗ ಆದಾಗ ಡಕೋಟಾ ಇದ್ದ ಇನ್ನೊಂದು ಸ್ಕ್ವಾಡ್ರನ್, ಅಂದರೆ 6ನೆಯದು, ಪಾಕಿಸ್ತಾನದ ಪಾಲಿಗೆ ಹೋಯಿತು. ನಮಗೆ ಉಳಿದ ಸಾಗಣೆ ಸ್ಕ್ವಾಡ್ರನ್ ಇದೊಂದೇ. ಮೂರು ತಿಂಗಳು ಕಳೆಯೋದರೊಳಗೆ ಕಾಶ್ಮೀರದ ಕರೆ ಬಂತು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಈ ಸ್ಕ್ವಾಡ್ರನ್ ಮಾಡಿದ್ದರಲ್ಲಿ ಅತಿ ದೊಡ್ಡದು ಪೂಂಛ್. ಶ್ರೀನಗರವೂ ಅಲ್ಲ, ಲೇಹ್ ಕೂಡ ಅಲ್ಲ. ಮೊದಲ ಸಲ ಇಳಿದವರ ಹೆಸರು ಎಲ್ಲರಿಗೂ ಗೊತ್ತು. ಅದೇ ಜಾಗಕ್ಕೆ ಮಾರನೇ ದಿನ, ಅದರ ಮಾರನೇ ದಿನ, ತಿಂಗಳುಗಟ್ಟಲೆ ಹೋಗಿ ಇಳಿದವರ ಹೆಸರು ಯಾರಿಗೂ ಗೊತ್ತಿಲ್ಲ. ಒಂದು ಘಟಕದ ಚರಿತ್ರೆ ಅಂದರೆ ನನಗೆ ಅವರ ಚರಿತ್ರೆಯೇ. ನೀವೇನಂತೀರಿ?

ಓದುಗಿ_ಶಿವಮೊಗ್ಗ:
ಒಳ್ಳೇ ಎಳೆ. ಆದರೆ ನಾನು ಶ್ರೀನಗರದ ಪರ. 1947ರ ಅಕ್ಟೋಬರ್ 27ರಂದು ಶ್ರೀನಗರದಲ್ಲಿ ವಿಮಾನ ಇಳಿಯದಿದ್ದರೆ ಪೂಂಛ್ ಪ್ರಶ್ನೆಯೇ ಬರ್ತಿರಲಿಲ್ಲ, ಅಲ್ವಾ?

ಆ ದಿನದ ಪರಿಸ್ಥಿತಿ ನೋಡಿ. ಮಹಾರಾಜ ಹರಿ ಸಿಂಗ್ ವಿಲೀನಪತ್ರಕ್ಕೆ ಸಹಿ ಹಾಕಿದ್ದು 26ಕ್ಕೆ. ಪಾಕಿಸ್ತಾನದ ಕಡೆಯಿಂದ ನುಗ್ಗಿದ ದಾಳಿಕೋರರು ಅಷ್ಟರಲ್ಲಿ ಬಾರಾಮುಲ್ಲಾ ತಲುಪಿಯಾಗಿತ್ತು. ಅಲ್ಲಿಂದ ಶ್ರೀನಗರಕ್ಕೆ ಐವತ್ತೇ ಚಿಲ್ಲರೆ ಕಿಲೋಮೀಟರ್. ಕಣಿವೆಗೆ ಇದ್ದ ಒಳ್ಳೇ ರಸ್ತೆ ರಾವಲ್ಪಿಂಡಿ ಕಡೆಯಿಂದ ಬರ್ತಿತ್ತು. ಅದು ಗಡಿಯಾಚೆ ಹೋಯಿತು. ಜಮ್ಮು ಕಡೆಯ ದಾರಿ ಬಾನಿಹಾಲ್ ಹತ್ತಿ ಇಳಿಯಬೇಕು, ಜವಾಹರ್ ಸುರಂಗ ಆಗಿನ್ನೂ ಇರಲಿಲ್ಲ. ಸೈನ್ಯವನ್ನು ಬೇಗ ಕಳಿಸೋಕೆ ಆಕಾಶ ಬಿಟ್ಟರೆ ಗತಿಯಿರಲಿಲ್ಲ.

ಬೆಳಗಿನ ಜಾವ ದೆಹಲಿಯಿಂದ ಡಕೋಟಾಗಳು ಹೊರಟವು. ವಾಯುಪಡೆಯದ್ದಷ್ಟೇ ಅಲ್ಲ, ಖಾಸಗಿ ಕಂಪನಿಗಳಿಂದ ಪಡೆದ ಡಕೋಟಾಗಳೂ ಇದ್ದವು. ಒಳಗೆ 1 ಸಿಖ್ ಬೆಟಾಲಿಯನ್ನಿನ ಸೈನಿಕರು, ಅವರ ಮುಖ್ಯಸ್ಥ ಲೆಫ್ಟಿನೆಂಟ್ ಕರ್ನಲ್ ದೀವಾನ್ ರಂಜಿತ್ ರಾಯ್. ಕೆಳಗೆ ಶ್ರೀನಗರದ ಮೈದಾನ ಯಾರ ಕೈಯಲ್ಲಿದೆ ಅನ್ನೋದು ಖಾತ್ರಿ ಇರಲಿಲ್ಲ. ಮೇಲೆ ಸುತ್ತು ಹೊಡೆದು, ಶತ್ರು ಇಲ್ಲ ಅಂತ ಕಣ್ಣಾರೆ ನೋಡಿ ಇಳಿಯಬೇಕಿತ್ತು. ರಂಜಿತ್ ರಾಯ್ ಅದೇ ದಿನ ಬಾರಾಮುಲ್ಲಾ ಹತ್ತಿರ ಪ್ರಾಣ ಬಿಟ್ಟರು. ಬೆಳಗ್ಗೆ ದೆಹಲಿಯಲ್ಲಿ ವಿಮಾನ ಹತ್ತಿದವರು!

ಹಳೇವಿಮಾನ:
ಓದುಗಿಯವರೇ, 27ರ ಮಹತ್ವ ಒಪ್ಪುತ್ತೇನೆ. ಅವತ್ತು ಮೊದಲ ವಿಮಾನ ಇಳಿಸಿದ್ದು 12ನೇ ಸ್ಕ್ವಾಡ್ರನ್ನಿನ ಮುಖ್ಯಸ್ಥ ವಿಂಗ್ ಕಮಾಂಡರ್ ಕೆ.ಎಲ್. ಭಾಟಿಯಾ. ಆದರೂ ಹೇಳ್ತೀನಿ. ಶ್ರೀನಗರದ ಮೈದಾನ ಡಾಂಬರು ಕಾಣದ್ದಾದರೂ ಅಗಲವಾಗಿತ್ತು, ಸುತ್ತ ಬಯಲು. ಎರಡೇ ವಿಮಾನ ಇಳಿದರೂ ಸಾಕು, ಮೂರನೆಯವರಿಗೆ ಧೂಳಲ್ಲಿ ನೆಲ ಕಾಣದ ಸ್ಥಿತಿ. ಕಷ್ಟ ಹೌದು. ಪೂಂಛ್ ಬೇರೆಯೇ ಜಾತಿಯ ಕಷ್ಟ.

ಇನ್ನೊಂದು ಮಾತು. ಆ ಮೈದಾನ ಉಳಿದಿದ್ದು ವಿಮಾನದವರಿಂದ ಮಾತ್ರ ಅಲ್ಲ. ನವೆಂಬರ್ 3ರಂದು ಬಡಗಾಮ್‌ನಲ್ಲಿ ಮೇಜರ್ ಸೋಮನಾಥ ಶರ್ಮಾ ಮತ್ತು ಅವರ ಕುಮಾವ್ ಕಂಪನಿ ದಾಳಿಕೋರರನ್ನು ಗಂಟೆಗಟ್ಟಲೆ ತಡೆದು ನಿಲ್ಲಿಸಿತು. ಶರ್ಮಾ ಅಲ್ಲೇ ಮಡಿದರು, ದೇಶದ ಮೊದಲ ಪರಮವೀರ ಚಕ್ರ ಅವರದ್ದು. ಅವರನ್ನು ಕೆಲವೇ ದಿನ ಮುಂಚೆ ಅಲ್ಲಿಗೆ ತಂದದ್ದು ವಿಮಾನ. ವಿಮಾನ ಇಳಿಯುವ ನೆಲ ಕಾದದ್ದು ಅವರು.

ಮಡಿಕೇರಿಮಳೆ:
ಲೇಹ್ ಬಗ್ಗೆ ಯಾರೂ ಮಾತಾಡ್ತಿಲ್ಲವಲ್ಲ! ನಮ್ಮೂರಿನವರ ಕಥೆ, ನಾನು ಬಿಡೋಲ್ಲ.

1948ರ ಮೇ 24. ಡಕೋಟಾ ಹಾರಿಸಿದ್ದು ಏರ್ ಕಮಡೋರ್ ಮೆಹರ್ ಸಿಂಗ್, ಎಲ್ಲರ ಬಾಯಲ್ಲಿ 'ಬಾಬಾ'. ಜೊತೆಗಿದ್ದವರು ಮೇಜರ್ ಜನರಲ್ ಕೆ.ಎಸ್. ತಿಮ್ಮಯ್ಯ. ಮಡಿಕೇರಿಯಲ್ಲಿ ಹುಟ್ಟಿದವರು, ಆಗ ಕಾಶ್ಮೀರದ ಡಿವಿಷನ್ ಅವರ ಕೈಲಿತ್ತು. ಲೇಹ್ ಕಡೆ ದಾಳಿಕೋರರು ಸಿಂಧೂ ಕಣಿವೆ ಹಿಡಿದು ಬರ್ತಿದ್ದರು. ಊರಲ್ಲಿದ್ದ ನಮ್ಮವರು ಬೆರಳೆಣಿಕೆ. ಕಾಶ್ಮೀರದಿಂದ ಜೋಜಿಲಾ ಕಣಿವೆಬಾಯಿ ದಾಟಿ ನಡೆದು ಬರಲು ವಾರಗಟ್ಟಲೆ ಬೇಕು. ಸ್ಕ್ವಾಡ್ರನ್ನಿನ ಯಾವ ಡಕೋಟಾಕ್ಕೂ ಅಲ್ಲಿಯವರೆಗೆ ಹೋಗಿ ಅಭ್ಯಾಸ ಇರಲಿಲ್ಲ. ಸರಿಯಾದ ನಕ್ಷೆಯೂ ಇಲ್ಲ, ಹವಾಮಾನ ಹೇಳೋರೂ ಇಲ್ಲ.

ಇಳಿಯೋಕೆ ಜಾಗ ಹೇಗೆ ಬಂತು ಅನ್ನೋದನ್ನೂ ಹೇಳಬೇಕು. ಆ ಚಳಿಗಾಲದಲ್ಲಿ ಪೃಥಿ ಚಂದ್ ಅನ್ನೋ ಅಧಿಕಾರಿ ಲಾಹೌಲ್ ಕಡೆಯ ಒಂದು ಸಣ್ಣ ತಂಡ ಕಟ್ಟಿಕೊಂಡು ಹಿಮ ತುಂಬಿದ ಜೋಜಿಲಾ ದಾಟಿ ಲೇಹ್ ಸೇರಿದ್ದರು. ಅವರ ಜೊತೆ ಹೋದವರು ಲಡಾಖಿನ ಇಂಜಿನಿಯರ್ ಸೋನಂ ನೋರ್ಬು. ಊರ ಜನರನ್ನು ಸೇರಿಸಿ, ಸಿಂಧೂ ನದಿ ಪಕ್ಕ ಕಲ್ಲು ಆರಿಸಿ ನೆಲ ಸಮ ಮಾಡಿಸಿದ್ದು ಅವರು. ಯಂತ್ರ ಇಲ್ಲ, ಬರೀ ಕೈ ಮತ್ತು ಗುದ್ದಲಿ.

ತಿಮ್ಮಯ್ಯನವರಂಥ ಹಿರಿಯ ಅಧಿಕಾರಿ ಆ ಮೊದಲ ವಿಮಾನದಲ್ಲೇ ಕೂತು ಹೋದರು ಅನ್ನೋದೇ ಸಾಕಲ್ವಾ? ಆಮೇಲೆ ಗೂರ್ಖಾ ಸೈನಿಕರು ಡಕೋಟಾದಲ್ಲೇ ಬಂದಿಳಿದರು, ಲೇಹ್ ಉಳಿಯಿತು.

ಎಂಜಿನ್‌ಬಯಲು:
ಮಡಿಕೇರಿಮಳೆಯವರ ಮಾತಿಗೆ ಸ್ವಲ್ಪ ಲೆಕ್ಕ ಸೇರಿಸ್ತೀನಿ. ಯಾಕೆ ಕಷ್ಟ ಅನ್ನೋದು ಆಗ ಚೆನ್ನಾಗಿ ಗೊತ್ತಾಗುತ್ತೆ.

ಲೇಹ್ ಇರೋದು ಸಮುದ್ರಮಟ್ಟದಿಂದ ಹತ್ತು-ಹನ್ನೊಂದು ಸಾವಿರ ಅಡಿ ಮೇಲೆ. ಅಲ್ಲಿ ಗಾಳಿಯ ಸಾಂದ್ರತೆ ಕೆಳಗಿನದ್ದರ ಮುಕ್ಕಾಲಿಗಿಂತ ಕಮ್ಮಿ. ಡಕೋಟಾ ಇಳಿಯುವಾಗ ಪೈಲಟ್ ಮುಂದಿನ ಮುಳ್ಳು ಎಂದಿನ ವೇಗವನ್ನೇ ತೋರಿಸುತ್ತೆ. ಆದರೆ ನೆಲದ ಮೇಲೆ ನಿಜವಾದ ವೇಗ ಸುಮಾರು 20 ಶೇಕಡಾ ಜಾಸ್ತಿ. ವೇಗ ಅಷ್ಟು ಜಾಸ್ತಿ ಆದರೆ ನಿಲ್ಲೋಕೆ ಬೇಕಾದ ದೂರ 40 ಶೇಕಡಾ ಹೆಚ್ಚುತ್ತೆ. ಮೇಲೇಳುವಾಗ ಇನ್ನೂ ಕಷ್ಟ. ರೆಕ್ಕೆಗೂ ಗಾಳಿ ಸಾಲದು, ಎಂಜಿನ್‌ಗೂ ಸಾಲದು. ಡಕೋಟಾದ ಎರಡು ಟ್ವಿನ್ ವಾಸ್ಪ್ ಎಂಜಿನ್ ತಲಾ 1,200 ಅಶ್ವಶಕ್ತಿ ಅಂತಾರೆ. ಅದು ಕೆಳಗಿನ ಗಾಳಿಯ ಮಾತು.

ದಾರಿ ನೋಡಿ. ಜೋಜಿಲಾ ಕಣಿವೆಬಾಯಿಯೇ 11,500 ಅಡಿ, ಮುಂದೆ ಫೋಟು ಲಾ 13,000 ದಾಟುತ್ತೆ. ಅಕ್ಕಪಕ್ಕದ ಶಿಖರಗಳು ಅದಕ್ಕೂ ಎಷ್ಟೋ ಎತ್ತರ. ಡಕೋಟಾದಲ್ಲಿ ಒತ್ತಡ ಕಾಯುವ ಕೋಣೆ ಇಲ್ಲ, ಹೊರಗಿನ ಚಳಿ ಒಳಗೂ ಅಷ್ಟೇ. ಅವತ್ತು ಆಮ್ಲಜನಕವೂ ಇರಲಿಲ್ಲ. ಅಷ್ಟೆತ್ತರದಲ್ಲಿ ಮೊದಲು ಮಂಕಾಗೋದು ಬುದ್ಧಿ. ಪೈಲಟ್‌ಗೆ ತನಗೆ ಮಂಕು ಕವಿದಿದೆ ಅಂತಲೂ ತಿಳಿಯೋದಿಲ್ಲ, ಅದೇ ಅಪಾಯ.

ಈಗಲೂ ಲೇಹ್‌ಗೆ ಹೋಗುವ ವಿಮಾನಗಳು ಹೆಚ್ಚಾಗಿ ಬೆಳಗ್ಗೆಯೇ ಹೋಗಿ ಬರ್ತವೆ. ಬಿಸಿಲೇರಿದ ಮೇಲೆ ಕಣಿವೆ ಗಾಳಿ ಎದ್ದು ಬಡಿಯುತ್ತೆ. ಒಂದು ತುದಿಯಿಂದ ಇಳಿದು, ಬಂದ ದಿಕ್ಕಿಗೇ ತಿರುಗಿ ಏರಬೇಕು, ಯಾಕಂದ್ರೆ ಇನ್ನೊಂದು ತುದಿಯಲ್ಲಿ ಬೆಟ್ಟ.

ಹಳೇವಿಮಾನ:
ಇಷ್ಟು ಓದಿದ ಮೇಲೂ ನನ್ನ ಓಟು ಪೂಂಛ್‌ಗೇ. ಯಾಕೆ ಅಂತ ವಿವರವಾಗಿ ಹೇಳ್ತೀನಿ, ಇದು ಉದ್ದ ಆಗುತ್ತೆ.

ಪೂಂಛ್ ಊರು 1947ರ ನವೆಂಬರ್‌ನಲ್ಲಿ ಮುತ್ತಿಗೆಗೆ ಸಿಕ್ಕಿತು. ಒಳಗೆ ಬ್ರಿಗೇಡಿಯರ್ ಪ್ರೀತಂ ಸಿಂಗ್ ಅವರ ಪಡೆ, ಜೊತೆಗೆ ಸುತ್ತಲ ಹಳ್ಳಿಗಳಿಂದ ಓಡಿಬಂದ ಹತ್ತಾರು ಸಾವಿರ ನಿರಾಶ್ರಿತರು. ಸುತ್ತಲೂ ಬೆಟ್ಟ, ಬೆಟ್ಟದ ಮೇಲೆ ಶತ್ರು. ತಿನ್ನೋಕೆ ಇಲ್ಲ. ಮೊದಮೊದಲು ಮೇಲಿಂದ ಚೀಲ ಎಸೆದರು. ಅಷ್ಟು ಬಾಯಿಗೆ ಅದು ಎಲ್ಲಿ ಸಾಲುತ್ತೆ?

ಆಗ ಸೈನಿಕರೂ ನಿರಾಶ್ರಿತರೂ ಸೇರಿ ನೆಲ ಅಗೆದು 600 ಗಜದ ಪಟ್ಟಿ ಮಾಡಿದರು. ಮೂರು ಕಡೆ ಹಳ್ಳ. ಒಂದು ಕಡೆಯಿಂದ ಮಾತ್ರ ಒಳಬರೋಕೆ ಸಾಧ್ಯ, ಅದೂ ಬೆಟ್ಟದ ಸಂದಿಯಲ್ಲಿ ಕಡಿದಾಗಿ ಇಳಿದು. ಸರಿಯಾಗಿ ಪಟ್ಟಿಯ ತುದಿಯಲ್ಲೇ ಚಕ್ರ ಮುಟ್ಟಬೇಕು. ಐವತ್ತು ಗಜ ಮುಂದೆ ಮುಟ್ಟಿದರೆ ಕೊನೆಯಲ್ಲಿ ಹಳ್ಳ ಕಾದಿರುತ್ತೆ. ಡಿಸೆಂಬರ್‌ನಲ್ಲಿ ಅಲ್ಲಿ ಡಕೋಟಾ ಇಳಿಸಿ ತೋರಿಸಿದವರು ಮೆಹರ್ ಸಿಂಗ್. ಏರ್ ವೈಸ್ ಮಾರ್ಷಲ್ ಸುಬ್ರತೋ ಮುಖರ್ಜಿ ಅವರೊಂದಿಗೆ ಕೂತಿದ್ದರು. ಇಲ್ಲಿವರೆಗೂ ಹಿರಿಯರ ಕಥೆ.

ಮುಂದಿನದ್ದು ಸ್ಕ್ವಾಡ್ರನ್ ಕಥೆ. ದಿನಾ ಬೆಳಗ್ಗೆ ಹುಡುಗರು ಹೊರಡೋರು. ಒಳಗೆ ಆಹಾರ, ಮದ್ದುಗುಂಡು. ಇಳಿದ ಮೇಲೆ ಎಂಜಿನ್ ಆರಿಸದೆಯೇ ಸಾಮಾನು ಇಳಿಸೋದು, ಗಾಯಾಳು ಮತ್ತು ನಿರಾಶ್ರಿತರನ್ನು ಹತ್ತಿಸಿಕೊಳ್ಳೋದು, ಎದ್ದು ಹೋಗೋದು. ಸಾವಿರಾರು ಜನ ಹೀಗೆ ಹೊರಬಂದರು. 1948ರ ಮಾರ್ಚ್‌ನಲ್ಲಿ ಶತ್ರುಗಳು ಬೆಟ್ಟದಿಂದ ಪಟ್ಟಿಗೇ ಗುರಿಯಿಟ್ಟು ಫಿರಂಗಿ ಹಾರಿಸತೊಡಗಿದರು. ಹಗಲು ಇಳಿದರೆ ಗುಂಡಿಗೆ ಬಲಿ. ನಮ್ಮವರ ಹತ್ತಿರ ತಿರುಗೇಟು ಕೊಡೋ ದೊಡ್ಡ ಫಿರಂಗಿ ಇರಲಿಲ್ಲ. ಅದನ್ನೂ ಡಕೋಟಾದಲ್ಲೇ, ಅದೂ ರಾತ್ರಿ ತಂದರು. ಪಟ್ಟಿಯ ಅಂಚಿಗೆ ಎಣ್ಣೆ ದೀಪ ಇಟ್ಟಿದ್ದರು, ಅಷ್ಟೇ ಬೆಳಕು. ಆ ಫಿರಂಗಿಗಳು ಬಂದ ಮೇಲೆ ಪಟ್ಟಿಯ ಮೇಲಿನ ಹೊಡೆತ ತಗ್ಗಿತು.

ಮುತ್ತಿಗೆ ತೆರವಾಗಿದ್ದು 1948ರ ನವೆಂಬರ್‌ನಲ್ಲಿ. ಒಂದು ವರ್ಷ! ಲೇಹ್‌ನ ಮೊದಲ ಹಾರಾಟಕ್ಕೆ ಎದೆಗಾರಿಕೆ ಬೇಕು, ನಿಜ. ಗುಂಡು ಬೀಳುವ ಪಟ್ಟಿಗೆ ಒಂದು ವರ್ಷ ಬಿಡದೆ ಹೋಗೋದಕ್ಕೆ ಇನ್ನೇನೋ ಬೇಕು.

ವಿಜಯಪುರದವ:
ನಾನು ವಾಯುಪಡೆಯಲ್ಲಿ ಸಾಮಾನು ತುಂಬುವ ಕಡೆ ಇದ್ದವನು. ನನ್ನ ಕಾಲಕ್ಕೆ ಎಎನ್-32 ಸಾಗಣೆ ವಿಮಾನ. ಡಕೋಟಾದಲ್ಲಿ ಕೆಲಸ ಮಾಡಿದ ಹಿರಿಯರಿಂದ ಕೇಳಿದ್ದನ್ನೂ, ನಿಂತ ಡಕೋಟಾ ಒಳಗೆ ಹತ್ತಿ ಕಂಡದ್ದನ್ನೂ ಹೇಳ್ತೀನಿ.

ಡಕೋಟಾಕ್ಕೆ ಬಾಲದಡಿ ಸಣ್ಣ ಚಕ್ರ. ನೆಲದ ಮೇಲೆ ಮೂಗೆತ್ತಿ ಕೂತಿರುತ್ತೆ. ಬಾಗಿಲು ಹಿಂದೆ, ಎಡಪಕ್ಕಕ್ಕೆ. ಹಾಗಾಗಿ ಒಳಗೆ ಹೋದ ಪ್ರತಿ ಮೂಟೆಯನ್ನೂ ಏರಿನಲ್ಲಿ ಮುಂದಕ್ಕೆ ತಳ್ಳಬೇಕು. ಬಾಗಿಲ ಹತ್ತಿರವೇ ಪೇರಿಸಿದರೆ ತೂಕ ಹಿಂದಾಗಿ ವಿಮಾನ ಏಳುವಾಗ ಬಾಲ ಕುಸಿಯುತ್ತೆ. ಫಿರಂಗಿಯಂಥ ಉದ್ದ ವಸ್ತು ಪಕ್ಕದ ಬಾಗಿಲಲ್ಲಿ ತೂರಿ, ಒಳಗೆ ತಿರುಗಿಸಿ, ಏರು ಹತ್ತಿಸಿ, ಸರಪಳಿ ಬಿಗಿಯೋದು ಅಂದರೆ ಯೋಚಿಸಿ. ಸರಪಳಿ ಸಡಿಲಾದರೆ ಗಾಳಿಯಲ್ಲಿ ಅದು ಜಾರುತ್ತೆ. ಜಾರಿದರೆ ಪೈಲಟ್ ಎಷ್ಟೇ ಜಾಣನಾದರೂ ಉಪಯೋಗ ಇಲ್ಲ.

ಪೂಂಛ್‌ನಲ್ಲಿ ಇದೆಲ್ಲ ಕತ್ತಲಲ್ಲಿ ನಡೆಯಿತು. ಇಳಿಸುವವರಿಗೆ ಗಂಟೆಗಟ್ಟಲೆ ಸಮಯ ಇಲ್ಲ. ಅದೇ ಡಕೋಟಾಗಳು ಬಾಂಬ್ ಕೂಡ ಹಾಕಿದವು ಗೊತ್ತಾ? ಬಾಂಬ್ ಹಾಕುವ ವ್ಯವಸ್ಥೆ ಏನೂ ಇಲ್ಲದ ವಿಮಾನ. ಬಾಗಿಲ ತನಕ ಉರುಳಿಸಿಕೊಂಡು ಬಂದು ಕೈಯಿಂದ ತಳ್ಳಿದರು. ಸಾಗಣೆ ಸಿಬ್ಬಂದಿ ಸೈನಿಕರಲ್ಲ, ಬರೀ ಡ್ರೈವರ್‌ಗಳು ಅನ್ನೋ ಮಾತು ನನ್ನ ಕಿವಿಗೂ ಬಿದ್ದಿದೆ. ಹೇಳಿದವರಿಗೆ ಈ ಕಥೆ ಹೇಳಿ.

ಓದುಗಿ_ಶಿವಮೊಗ್ಗ:
ವಿಜಯಪುರದವರೇ, ತುಂಬಾ ಧನ್ಯವಾದ. ಇಂಥದ್ದು ಎಲ್ಲೂ ಓದೋಕೆ ಸಿಗೋದಿಲ್ಲ.

ಒಂದು ಪ್ರಶ್ನೆ. ಮೆಹರ್ ಸಿಂಗ್ 12ನೇ ಸ್ಕ್ವಾಡ್ರನ್‌ನವರೇ?

ಹಳೇವಿಮಾನ:
ಅಲ್ಲ. ಅವರು ಆಗ 1ನೇ ಆಪರೇಷನಲ್ ಗ್ರೂಪ್‌ನ ಮುಖ್ಯಸ್ಥ. ಕಾಶ್ಮೀರದ ಹಾರಾಟವೆಲ್ಲ ಅವರ ಕೈಕೆಳಗೆ. ಮಹಾಯುದ್ಧದಲ್ಲಿ ಬರ್ಮಾ ಮೇಲೆ ಹರಿಕೇನ್ ಯುದ್ಧವಿಮಾನ ಹಾರಿಸಿ ಡಿಎಸ್ಒ ಅನ್ನೋ ಬ್ರಿಟಿಷ್ ಸೇನಾ ಪದಕ ಪಡೆದವರು. ಆ ಗೌರವ ಪಡೆದ ಭಾರತೀಯ ವಾಯುಪಡೆಯ ಅಧಿಕಾರಿ ಅವರೊಬ್ಬರೇ. ಮೇಜಿನ ಹಿಂದೆ ಕೂತು ಆಜ್ಞೆ ಮಾಡಬಹುದಿತ್ತು. 'ಆಗಲ್ಲ' ಅನ್ನೋ ಕೆಲಸವನ್ನು ಮೊದಲು ತಾವೇ ಮಾಡಿ ತೋರಿಸೋರು. ಆಮೇಲೆ ಕಿರಿಯ ಪೈಲಟ್‌ಗೆ 'ಆಗಲ್ಲ' ಅನ್ನೋಕೆ ಬಾಯಿ ಎಲ್ಲಿ ಬರುತ್ತೆ? ಮಹಾವೀರ ಚಕ್ರ ಬಂತು. 1952ರಲ್ಲಿ, ವಾಯುಪಡೆ ಬಿಟ್ಟ ಮೇಲೆ, ಜಮ್ಮುವಿನಿಂದ ದೆಹಲಿಗೆ ರಾತ್ರಿ ಹಾರುವಾಗ ಬಿರುಗಾಳಿಗೆ ಸಿಕ್ಕಿ ತೀರಿಕೊಂಡರು. ವಯಸ್ಸು ನಲವತ್ತೂ ಆಗಿರಲಿಲ್ಲ.

ಮಡಿಕೇರಿಮಳೆ:
ಹಾಗಾದರೆ ಒಂದು ಸಲ ದಾರಿ ತೋರಿಸಿದವರು ಇಲ್ಲದೆ ನಿಮ್ಮ ನೂರು ಸಲದವರು ಹೋಗ್ತಿದ್ದರಾ? ನನ್ನ ವಾದ ಅಲ್ಲೇ ಇದೆ. ಲೇಹ್ ವಿಷಯದಲ್ಲಿ ಇನ್ನೂ ಒಂದು ಇದೆ. ಪೂಂಛ್ ಉಳಿಯಲು ಒಂದು ವರ್ಷ ಬೇಕಾಯಿತು ನಿಜ, ಆದರೆ ಆ ವರ್ಷದಲ್ಲಿ ತಪ್ಪು ತಿದ್ದೋಕೆ ಅವಕಾಶ ಇತ್ತು. ಲೇಹ್‌ನಲ್ಲಿ ಕೆಲವು ದಿನ ತಡವಾಗಿದ್ದರೆ ಇವತ್ತು ಲಡಾಖ್ ನಮ್ಮ ನಕ್ಷೆಯಲ್ಲೇ ಇರ್ತಿರಲಿಲ್ಲ.

ಮಡಿಕೇರಿಗೆ ಬರುವವರು ತಿಮ್ಮಯ್ಯನವರ ಮನೆ 'ಸನ್ನಿ ಸೈಡ್' ನೋಡಿ ಹೋಗಿ. 2021ರಿಂದ ಅದು ವಸ್ತುಸಂಗ್ರಹಾಲಯ. ರಾಜಾಸೀಟಿಗೆ ಬಂದು ಫೋಟೋ ತೆಗೆದು ವಾಪಸ್ ಹೋಗುವವರೇ ಜಾಸ್ತಿ, ಬೇಜಾರಾಗುತ್ತೆ.

ಎಂಜಿನ್‌ಬಯಲು:
ಎಳೆ 1948ಕ್ಕೇ ನಿಲ್ಲೋದು ಬೇಡ. ಬೆಂಗಳೂರಿನ ಪಾಲು ಹೇಳಲೇಬೇಕು.

ಮಹಾಯುದ್ಧದಲ್ಲಿ ನಮ್ಮ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಅಮೆರಿಕದವರು ದುರಸ್ತಿ ಕೇಂದ್ರ ಮಾಡಿಕೊಂಡಿದ್ದರು. ಡಕೋಟಾದ ಸೈನಿಕ ರೂಪ ಸಿ-47 ಇಲ್ಲಿ ಸಾಲುಗಟ್ಟಿ ರಿಪೇರಿಗೆ ಬರ್ತಿತ್ತು. ಯುದ್ಧ ಮುಗಿದ ಮೇಲೆ ಅವರು ಬಿಟ್ಟುಹೋದ ವಿಮಾನಗಳನ್ನು ನೇರ್ಪು ಮಾಡಿ ಹಾರಲು ಯೋಗ್ಯ ಮಾಡುವ ಕೈಗಳು ಇಲ್ಲಿ ತಯಾರಿದ್ದವು.

1954ರಿಂದ 12ನೇ ಸ್ಕ್ವಾಡ್ರನ್‌ಗೆ ಫೇರ್‌ಚೈಲ್ಡ್ ಪ್ಯಾಕೆಟ್ ಬಂತು. ಎರಡು ಬಾಲದ ದಂಡ, ನಡುವೆ ಹಿಂಬದಿಯಲ್ಲಿ ಎರಡು ಕಡೆ ತೆರೆಯುವ ದೊಡ್ಡ ಬಾಗಿಲು. ಜೀಪನ್ನು ಹಾಗೇ ಓಡಿಸಿಕೊಂಡು ಒಳಗೆ ಹೋಗಬಹುದು. ವಿಜಯಪುರದವರು ಹೇಳಿದ ಏರು ತಳ್ಳುವ ಕಷ್ಟ ಇಲ್ಲ. ಆದರೆ ಹಿಮಾಲಯಕ್ಕೆ ಅದರ ಎರಡು ಎಂಜಿನ್ ಸಾಲಲಿಲ್ಲ. ಒಂದು ಕೆಟ್ಟರೆ ಇನ್ನೊಂದರ ಮೇಲೆ ಬೆಟ್ಟ ದಾಟೋಕೆ ಆಗದು. ಅದಕ್ಕೆ ಬೆನ್ನ ಮೇಲೆ ಒಂದು ಜೆಟ್ ಎಂಜಿನ್ ಕೂರಿಸಿದರು. ಮೊದಲು ಅಮೆರಿಕದ್ದು. ಆಮೇಲೆ ಬೆಂಗಳೂರಿನಲ್ಲೇ ಲೈಸೆನ್ಸ್ ಪಡೆದು ತಯಾರಿಸುತ್ತಿದ್ದ ಆರ್ಫಿಯಸ್. ನ್ಯಾಟ್ ವಿಮಾನಕ್ಕೆ ಹಾಕ್ತಿದ್ದ ಎಂಜಿನ್ ಅದು. ಏಳುವಾಗ, ಬೆಟ್ಟ ಹತ್ತುವಾಗ ಮಾತ್ರ ಹಚ್ಚೋದು. ಮಾಲು ಹೊರುವ ಮುದಿಯೆತ್ತಿಗೆ ಹೋರಿ ಜೊತೆ ಮಾಡಿದ ಹಾಗೆ.

1962ರ ಜುಲೈ 23ರಂದು ಸ್ಕ್ವಾಡ್ರನ್ ಲೀಡರ್ ಸಿ.ಕೆ.ಎಸ್. ರಾಜೆ ಪ್ಯಾಕೆಟ್ ಒಂದನ್ನು ಲಡಾಖಿನ ಗಡಿಯ ದೌಲತ್ ಬೇಗ್ ಓಲ್ಡಿಯಲ್ಲಿ ಇಳಿಸಿದರು. 16,614 ಅಡಿ! ಜಗತ್ತಿನಲ್ಲಿ ಅಷ್ಟೆತ್ತರದಲ್ಲಿ ಅಂಥ ವಿಮಾನ ಇಳಿದದ್ದು ಅದೇ ಮೊದಲು. ಆಮೇಲೆ ಆ ನೆಲ ದಶಕಗಟ್ಟಲೆ ಖಾಲಿ ಬಿತ್ತು. 2008ರಲ್ಲಿ ಎಎನ್-32 ಮತ್ತೆ ಇಳಿಯಿತು, 2013ರಲ್ಲಿ ಸಿ-130ಜೆ.

ವಿಜಯಪುರದವ:
ಎಎನ್-32 ಬಗ್ಗೆ ಎರಡು ಮಾತು. 1984ರಿಂದ ಬರತೊಡಗಿತು, ಪ್ಯಾಕೆಟ್ ನಿವೃತ್ತಿ ಆದ ಮೇಲೆ ಆಗ್ರಾದಲ್ಲಿ 12ನೇ ಸ್ಕ್ವಾಡ್ರನ್‌ಗೂ ಅದೇ. ಎಂಜಿನ್ ರೆಕ್ಕೆಯ ಮೇಲಕ್ಕೆ ಎತ್ತಿ ಕೂರಿಸಿದ್ದಾರೆ, ಕಲ್ಲು ಧೂಳು ಒಳಗೆ ಎಳೆಯಬಾರದು ಅಂತ. ಬಿಸಿ ಊರು, ಎತ್ತರದ ಊರು, ಎರಡಕ್ಕೂ ಒಗ್ಗೋ ಹಾಗೆ ನಮ್ಮ ಅಗತ್ಯ ನೋಡಿಯೇ ಮಾಡಿದ್ದು.

ಬೆಂಗಳೂರಿನವರಿಗೆ ಇನ್ನೊಂದು ನೆನಪಿಸಬೇಕು. 1987ರ ಜೂನ್ 4ರಂದು ಶ್ರೀಲಂಕಾದ ಜಾಫ್ನಾ ಮೇಲೆ ಆಹಾರ ಮತ್ತು ಔಷಧಿ ಉದುರಿಸಿದ ಐದು ಎಎನ್-32ಗಳು ಹೊರಟದ್ದು ಬೆಂಗಳೂರಿನಿಂದ. ಸುಮಾರು 25 ಟನ್. ಪತ್ರಕರ್ತರೂ ಒಳಗಿದ್ದರು, ಮಿರಾಜ್‌ಗಳು ಕಾವಲಿಗೆ. ಆ ಎಎನ್-32ಗಳು ಆಗ್ರಾದ ಪ್ಯಾರಾ ತರಬೇತಿ ಶಾಲೆಯವು.

ಪ್ಯಾರಾ ಅಂದ ಕೂಡಲೇ 1971ರ ಡಿಸೆಂಬರ್ 11 ನೆನಪಾಗುತ್ತೆ. ಈಗಿನ ಬಾಂಗ್ಲಾದೇಶದ ತಂಗೈಲ್‌ನಲ್ಲಿ 2 ಪ್ಯಾರಾ ಬೆಟಾಲಿಯನ್ ಪ್ಯಾರಾಚೂಟ್ ಕಟ್ಟಿ ಜಿಗಿಯಿತು. ಪ್ಯಾಕೆಟ್, ಎಎನ್-12, ಕ್ಯಾರಿಬೂ ಜೊತೆ ಡಕೋಟಾ ಕೂಡ ಹಾರಿತ್ತು. ಶ್ರೀನಗರಕ್ಕೆ ಹೋದ ಕಾಲದ ವಿಮಾನ, ಇಪ್ಪತ್ತನಾಲ್ಕು ವರ್ಷ ಆದ ಮೇಲೂ ಕೆಲಸದಲ್ಲಿ!

ಓದುಗಿ_ಶಿವಮೊಗ್ಗ:
ಈಗಲೂ ಹಾರುವ ಡಕೋಟಾ ನಮ್ಮಲ್ಲಿ ಇದೆಯಾ?

ಹಳೇವಿಮಾನ:
ಇದೆ. ದೆಹಲಿ ಹತ್ತಿರದ ಹಿಂಡನ್‌ನಲ್ಲಿ ವಾಯುಪಡೆಯ ಹಳೆಯ ವಿಮಾನಗಳ ಗುಂಪಿನಲ್ಲಿ. ಹೆಸರು 'ಪರಶುರಾಮ'. ಆಗ ಕರ್ನಾಟಕದಿಂದ ರಾಜ್ಯಸಭಾ ಸದಸ್ಯರಾಗಿದ್ದ ರಾಜೀವ್ ಚಂದ್ರಶೇಖರ್ ಕೊಟ್ಟ ಕಾಣಿಕೆ. ಅವರ ತಂದೆ ವಾಯುಪಡೆಯಲ್ಲಿ ಡಕೋಟಾ ಪೈಲಟ್ ಆಗಿದ್ದವರು. ಬ್ರಿಟನ್‌ನಲ್ಲಿ ದುರಸ್ತಿ ಮಾಡಿಸಿ 2018ರಲ್ಲಿ ಹಾರಿಸಿಕೊಂಡೇ ತಂದರು. ಬಾಲದ ಮೇಲೆ ವಿಪಿ905 ಅಂತ ಬರೆದಿದೆ. ಅದು 1947ರ ಅಕ್ಟೋಬರ್ 27ರಂದು ಶ್ರೀನಗರಕ್ಕೆ ಸೈನಿಕರನ್ನು ಒಯ್ದ 12ನೇ ಸ್ಕ್ವಾಡ್ರನ್ ಡಕೋಟಾದ ಸಂಖ್ಯೆ.

ಓದುಗಿಯವರೇ, ಸಂಖ್ಯೆ ಆರಿಸುವಾಗ ಅವರೂ ನಿಮ್ಮ ಪಕ್ಷಕ್ಕೇ ಓಟು ಹಾಕಿದ್ದಾರೆ. ನಾನು ಮಾತ್ರ ಪೂಂಛ್ ಬಿಟ್ಟು ಕದಲೋದಿಲ್ಲ. ಆ 600 ಗಜದ ಪಟ್ಟಿಗೆ ಹೋಗಿಬಂದ ಸಿಬ್ಬಂದಿಯ ಮನೆಯವರು ಯಾರಾದರೂ ಕನ್ನಡಿಗರಿದ್ದರೆ, ಅವರ ಹಾರಾಟದ ದಿನಚರಿ ಪುಸ್ತಕ ಮನೆಯಲ್ಲಿ ಇದ್ದರೆ, ದಯವಿಟ್ಟು ಇಲ್ಲಿ ಬರೆಯಿರಿ. ಒಂದು ಪುಟವಾದರೂ ಸಾಕು.

ಮಡಿಕೇರಿಮಳೆ:
ಲೇಹ್‌ನದ್ದು ಇದ್ದರೂ ಹಾಕಿ.